ಕುದುರೆ ಕೊಳ್ಳೋ ಮೊದಲು ಕಳೆದ ಕುದುರೆ ಹುಡುಕಿ

ನಮ್ಮ ಗುಂಡ್ಲುಪೇಟೆ ಕಡೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಕೊಂಡವರಿಂದ ಎರಡೇ ತಿಂಗಳಿಗೆ ಒಂದು ಮಾತು ಬರತ್ತೆ. "ಗಾಡಿ ಎಳೀತಾ ಇಲ್ಲ, ರಿಮ್ಯಾಪ್ ಮಾಡಿಸಿಬಿಡ್ಲಾ?" ಗೊತ್ತಿಲ್ಲದವರಿಗೆ ಹೇಳೋದಾದ್ರೆ, ರಿಮ್ಯಾಪ್ ಅಂದ್ರೆ ಇಂಜಿನ್ನಿನ ಕಂಪ್ಯೂಟರಲ್ಲಿರೋ ಲೆಕ್ಕ ತಿದ್ದಿ, ಹೆಚ್ಚು ಡೀಸೆಲ್ಲು ಹೆಚ್ಚು ಗಾಳಿ ಒಳಗೆ ನುಗ್ಗೋ ಹಾಗೆ ಮಾಡಿ ಎಚ್‌ಪಿ ಏರಿಸೋದು. ಹಳೇ ಕಾರಿಗೆ ಇದು ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳ್ತೀನಿ.

ಮೊದಲು ಕುದುರೆ ಅಂದ್ರೆ ಎಷ್ಟು ಅಂತ ನೋಡೋಣ. ಮುಕ್ಕಾಲು ಕ್ವಿಂಟಾಲ್ ಅರಿಶಿನದ ಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತಿದರೆ ಅದು ಒಂದು ಪಿಎಸ್, ಅಂದರೆ ಮೆಟ್ರಿಕ್ ಕುದುರೆ. ಸ್ವಿಫ್ಟ್ ಡೀಸೆಲ್ಲಿಗೆ ಕಂಪನಿ ಕೊಟ್ಟಿರೋದು ಇಂಥ 75 ಕುದುರೆ. ಈಗ ಐದು ಜನ, ಲಗೇಜು ಎಲ್ಲಾ ಸೇರಿ 1,400 ಕೆಜಿ ಆಯ್ತು ಅಂದ್ಕೊಳ್ಳಿ. ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಮೀ ವೇಗದಲ್ಲಿ ಹತ್ತಬೇಕು. ಸೆಕೆಂಡಿಗೆ 0.83 ಮೀಟರ್ ಏರಿದ ಹಾಗಾಯ್ತು. 1,400ನ್ನು 0.83ರಿಂದ ಗುಣಿಸಿ 75ರಿಂದ ಭಾಗಿಸಿ. ಬರೋದು ಹದಿನೈದೂವರೆ ಕುದುರೆ! ಟೈರಿನ ಎಳೆತ, ಗಾಳಿಯ ತಡೆ ಎಲ್ಲಾ ಸೇರಿಸಿದರೂ ಚಕ್ರದ ಹತ್ತಿರ ಇಪ್ಪತ್ತರೊಳಗೆ ಮುಗೀತದೆ. ಏರು ಇನ್ನೂ ಕಡಿದಾಗಿದ್ರೂ 75ರಲ್ಲಿ ಬೇಕಾದಷ್ಟು ಉಳೀತದೆ.

ಅಂದಮೇಲೆ ಮಸಿನಗುಡಿ ದಾಟಿ ಕಲ್ಲಟ್ಟಿಯ 36 ತಿರುವು ಹತ್ತುವಾಗ ಗಾಡಿ ಮುಕ್ಕರೀತಾ ಇದ್ರೆ ಕಂಪನಿ ಕೊಟ್ಟ ಕುದುರೆ ಕಮ್ಮಿ ಅಂತಲ್ಲ. ಕೊಟ್ಟಿದ್ದು ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ. ಇಲ್ಲವೇ ಗೇರು ತಪ್ಪಿದೆ.

ಎತ್ತರದ್ದೂ ಒಂದು ಪಾತ್ರ ಇದೆ ಅನ್ನಿ. ಊಟಿ ಸುಮಾರು 2,240 ಮೀಟರ್ ಎತ್ತರ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಐದರಲ್ಲಿ ಒಂದು ಪಾಲು ಕಮ್ಮಿ. ಟರ್ಬೋ ಇಲ್ಲದ 37 ಕುದುರೆಯ ಹಳೇ ಮಾರುತಿ 800 ಅಲ್ಲಿಗೆ ಹೋಗುವಷ್ಟರಲ್ಲಿ 30ರ ಆಸುಪಾಸಿಗೆ ಇಳಿದಿರತ್ತೆ. ಅದು ಕಾರಿನ ರೋಗ ಅಲ್ಲ, ಬೆಟ್ಟದ ಗುಣ. ಟರ್ಬೋ ಇರೋ ಡೀಸೆಲ್ಲಿಗೆ ಈ ನಷ್ಟ ಅಷ್ಟಾಗಿ ತಟ್ಟೋದಿಲ್ಲ.

ಇನ್ನು ಅಳೆಯೋದು ಹೇಗೆ? ಡೈನೋ ಅಂತ ಯಂತ್ರ ಇದೆ, ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸ್ತಾರೆ. ಅದು ತೋರಿಸೋದು ಚಕ್ರಕ್ಕೆ ತಲುಪಿದ ಶಕ್ತಿ. ಕಂಪನಿ ಹೇಳೋದು ಇಂಜಿನ್ನಿನ ಬಾಯಲ್ಲಿ ಬರೋ ಶಕ್ತಿ. ಮಧ್ಯೆ ಗೇರ್‌ಬಾಕ್ಸು ಮತ್ತಿತರ ಕಡೆ ನೂರಕ್ಕೆ ಹತ್ತು ಹದಿನೈದು ಸೋರಿಹೋಗತ್ತೆ. 75ರ ಕಾರು ಡೈನೋ ಮೇಲೆ 64 ತೋರಿಸಿದರೆ ಗಾಬರಿ ಬೇಡ. "ನೋಡಿ ಸಾರ್, ಹತ್ತು ಕುದುರೆ ಸತ್ತೋಗಿದೆ" ಅಂತ ಯಾರಾದ್ರೂ ಹೆದರಿಸಿದರೆ ನಕ್ಕು ಸುಮ್ಮನಾಗಿ.

ಡೈನೋ ಇಲ್ಲದಿದ್ರೂ ಒಂದು ದಾರಿ ಇದೆ. ಬೆಳಕಿರುವಾಗ, ಖಾಲಿ ಇರೋ ಮಟ್ಟಸ ರಸ್ತೆಯಲ್ಲಿ (ದಯವಿಟ್ಟು ಬಂಡೀಪುರದ ಕಾಡಲ್ಲಲ್ಲ) ಮೂರನೇ ಗೇರಿನಲ್ಲಿ 40ರಿಂದ 80 ಕಿಮೀ ಮುಟ್ಟೋಕೆ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತವರು ನೋಡಲಿ. ಹೋಗೋ ದಿಕ್ಕಲ್ಲಿ ಒಮ್ಮೆ, ಬರೋ ದಿಕ್ಕಲ್ಲಿ ಒಮ್ಮೆ ಮಾಡಿ ಸರಾಸರಿ ತಗೊಳ್ಳಿ. ನನ್ನ ಗೆಳೆಯನ ಸ್ವಿಫ್ಟಿಗೆ ಹಿಡೀತಿದ್ದದ್ದು ಹನ್ನೊಂದೂವರೆ ಸೆಕೆಂಡ್. ಇಬ್ಬರು ಕೂತ ಕಾರು 1,200 ಕೆಜಿ ಅಂದುಕೊಂಡರೆ ಸರಾಸರಿ 26 ಕುದುರೆ ಕೆಲಸ ಮಾಡಿದ ಹಾಗೆ. ಅವನು ರಿಮ್ಯಾಪಿಗೆ ದುಡ್ಡು ಹೊಂದಿಸ್ತಾ ಇದ್ದ. ಚಾಮರಾಜನಗರದ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ನೋಡಿ, "ಇಂಜಿನ್ ಚೆನ್ನಾಗದ ಕಣಣ್ಣ, ಉಸ್ರು ಕಟ್ಕಂಡದ ಅಷ್ಟೆ" ಅಂದ್ರು. ಟರ್ಬೋದಿಂದ ಬರೋ ಗಾಳಿ ಪೈಪು ಕ್ಲಿಪ್ಪಿನ ಹತ್ತಿರ ಸೀಳಿತ್ತು, ಏರ್ ಫಿಲ್ಟರಿನಲ್ಲಿ ಮಣ್ಣು ತುಂಬಿತ್ತು. ಎರಡನ್ನೂ ಬದಲಿಸಿದ ಮೇಲೆ ಅದೇ ರಸ್ತೆಯಲ್ಲಿ ಎಂಟೂವರೆ ಸೆಕೆಂಡ್. ಅಂದರೆ 35 ಕುದುರೆ! ರಿಮ್ಯಾಪಿಗೆ ಕೇಳಿದ ದುಡ್ಡಿನಲ್ಲಿ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ.

ಕುದುರೆ ಕಳೆಯೋ ಜಾಗಗಳು ಹೀಗೆ ಬಹಳ ಸಾಮಾನ್ಯವಾದವು. ಡೀಸೆಲ್ ಫಿಲ್ಟರ್, ಮಸಿ ಕಟ್ಟಿದ ಇಜಿಆರ್, ಬಿಗಿ ಹಿಡಿದ ಬ್ರೇಕು, ಗಾಳಿ ಕಮ್ಮಿ ಇರೋ ಟೈರು. ಇಂಜಿನ್ ಕೂಗು ಏರ್ತಾ ಇದ್ದರೂ ವೇಗ ಏರದಿದ್ರೆ ಕ್ಲಚ್ ಜಾರ್ತಾ ಇದೆ ಅಂತ ಅರ್ಥ. ಪೆಟ್ರೋಲ್ ಕಾರಾದ್ರೆ ಪ್ಲಗ್ಗು ನೋಡಿಸಿ, ಕಂಪ್ರೆಶನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಬೇರೆಯವಕ್ಕಿಂತ ತೀರಾ ಕಮ್ಮಿ ತೋರಿಸಿದರೆ ಯಾವ ಟ್ಯೂನಿಂಗೂ ಅದನ್ನು ಉಳಿಸಲ್ಲ.

"ಎಲ್ಲಾ ಸರಿಯಿದೆ, ಆದ್ರೂ ಜಾಸ್ತಿ ಬೇಕು" ಅನ್ನೋರಿಗೆ ಒಂದು ವಿಷಯ. ಇದೇ 1.3 ಲೀಟರ್ ಫಿಯಟ್ ಇಂಜಿನ್ 90 ಪಿಎಸ್‌ನಲ್ಲೂ ಬಂದಿತ್ತು, ಎಸ್‌ಎಕ್ಸ್4ನಲ್ಲಿ, ಎರ್ಟಿಗಾದಲ್ಲಿ. ಆ 15 ಕುದುರೆ ಸೇರಿಸೋಕೆ ಅವರು ಹಾಕಿದ್ದು ಬೇರೆಯದೇ ಟರ್ಬೋ. ನಾವು ಬರೀ ಸಾಫ್ಟ್‌ವೇರ್ ತಿದ್ದಿ, ಹಳೇ ಕ್ಲಚ್ಚು ಹಳೇ ಟರ್ಬೋ ಮೇಲೆ ಅದೇ ಭಾರ ಹೊರಿಸ್ತೀವಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಡೀಸೆಲ್ ಕಾರು ನಿಲ್ಲಿಸಿತು. ಹಾಗಾಗಿ ಇವತ್ತು ಕೈ ಬದಲಾಗೋ ಡೀಸೆಲ್ ಸ್ವಿಫ್ಟ್ ಎಲ್ಲವೂ ವಯಸ್ಸಾದವೇ. ಮೀಟರ್ ತೋರಿಸೋ ಕಿಲೋಮೀಟರ್ ನಿಜವೋ ಸುಳ್ಳೋ ದೇವರಿಗೇ ಗೊತ್ತು.

ಕಾನೂನೂ ಇದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸಬಾರದು ಅನ್ನತ್ತೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇದಕ್ಕಿಂತ ದೊಡ್ಡ ಚಿಂತೆ ನಮ್ಮ ರಸ್ತೆಗಳದ್ದು. ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್, 2009ರಿಂದ ಇದೇ ನಿಯಮ. ಸಂಜೆ ಎಂಟರ ಹೊತ್ತಿಗೆ ಆ ಕಾಡಿನ ಮಧ್ಯೆ ಕ್ಲಚ್ ಸುಟ್ಟುಹೋದರೆ, ಮಕ್ಕಳನ್ನು ಕೂರಿಸಿಕೊಂಡು ಏನು ಮಾಡ್ತೀರಿ? ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವಾಗ ದಿಂಬಂನ 27 ತಿರುವು ನಮಗೆ ಇಳಿಜಾರು. ಅಲ್ಲಿ ಬೇಕಾದ್ದು ಕೆಳಗಿನ ಗೇರು ಮತ್ತು ಒಳ್ಳೇ ಬ್ರೇಕು. ರಿಮ್ಯಾಪ್ ಬ್ರೇಕಿಗೆ ಒಂದು ಎಳ್ಳಷ್ಟೂ ಸೇರಿಸಲ್ಲ.

ಆದ್ದರಿಂದ ಆ ದುಡ್ಡಿನಲ್ಲಿ ಮೊದಲು ಫಿಲ್ಟರು, ಪೈಪು, ಬ್ರೇಕ್ ಪ್ಯಾಡು, ಟೈರು ನೋಡಿಕೊಳ್ಳಿ. ಆಮೇಲೆ ಮತ್ತೆ ಅಳೆಯಿರಿ. ನನ್ನ ಮಾತು ಒಪ್ಪದವರು ಖಂಡಿತ ಬರೆಯಿರಿ, ಆದ್ರೆ ನಿಮ್ಮ ಕಾರಿನ 40-80 ಸೆಕೆಂಡ್ ಲೆಕ್ಕದ ಜೊತೆಗೆ :-)