ಗಾಜಿನ ಕ್ಯಾಬಿನೆಟ್ ತಗೊಳ್ಳಿ, ಆದರೆ ಮೊದಲು ಬಗ್ಗಿ ಅದರ ತಳ ನೋಡಿ

ಪಿಸಿ ಬಿಲ್ಡ್ ಮಾಡಬೇಕು ಅಂತಿರೋ ಜೂನಿಯರ್‌ಗಳು ನಮ್ಮ ರೂಮಿಗೆ ಬಂದಾಗ ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಅಂತ ಕೇಳೋದು ಕಮ್ಮಿ. ಮೊದಲು ಮೊಬೈಲ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಮುಂದೆ ಗಾಜು, ಪಕ್ಕದಲ್ಲೂ ಗಾಜು, ಎರಡು ಗಾಜು ಸೇರುವ ಮೂಲೆಯಲ್ಲಿ ಕಂಬವೇ ಇಲ್ಲ, ಒಳಗೆ ಒಂಬತ್ತು ಫ್ಯಾನು ನೇರಳೆ ಬಣ್ಣದಲ್ಲಿ ತಿರುಗುತ್ತಿರುತ್ತವೆ. "ಇದು ತಗೋಬಹುದಾ ಅಣ್ಣಾ?" ಅನ್ನೋದು ಪ್ರಶ್ನೆ.

ಇದಕ್ಕೆ ಕಾಲೇಜಿನಲ್ಲಿ ಎರಡು ಉತ್ತರ ಸಿಗುತ್ತವೆ. ಒಂದು ಗುಂಪಿನವರು "ಸೂಪರ್, ತಗೋ" ಅಂದುಬಿಡ್ತಾರೆ. ಇನ್ನೊಂದು ಗುಂಪಿನವರು "ಮೀನಿನ ತೊಟ್ಟಿ ಅದು, ಬರೀ ಶೋಕಿ, ಆ ದುಡ್ಡಲ್ಲಿ ಇನ್ನೊಂದು ಎಸ್‌ಎಸ್‌ಡಿ ಹಾಕಿಸು" ಅಂತಾರೆ. ಎರಡೂ ಉತ್ತರಗಳನ್ನು ನಂಬಿ ನಾವು ದುಡ್ಡು ಕಳೆದುಕೊಂಡಿದ್ದೇವೆ. ಹಾಗಾಗಿ ನಮ್ಮ ಅಭಿಪ್ರಾಯ ಹೇಳೋ ಹಕ್ಕು ನಮಗಿದೆ ಅಂದುಕೊಂಡಿದ್ದೇವೆ.

ನಾವು ಅಂದರೆ ಕಲಬುರಗಿಯಲ್ಲಿ ಒಂದೇ ರೂಮಿನಲ್ಲಿರುವ ನಾಲ್ಕು ಜನ. ಮಿನಿ ಪ್ರಾಜೆಕ್ಟಿಗೆ ತೊಗರಿ ಎಲೆಯ ಫೋಟೋ ನೋಡಿ ರೋಗ ಹಿಡಿದಿದೆಯಾ ಅಂತ ಹೇಳುವ ಮಾಡೆಲ್ ಮಾಡುವುದು ಅಂತ ಒಪ್ಪಿಕೊಂಡು, ಅದಕ್ಕೆ ಲ್ಯಾಪ್‌ಟಾಪ್ ಸಾಲದೆ, ನಾಲ್ಕು ಮನೆಗಳಲ್ಲಿ ನಾಲ್ಕು ಥರದ ಸಮಜಾಯಿಷಿ ಕೊಟ್ಟು ದುಡ್ಡು ಸೇರಿಸಿ ಒಂದು ಪಿಸಿ ಕಟ್ಟಿದೆವು. ರೈಜೆನ್ 5 5600, ಆರ್‌ಟಿಎಕ್ಸ್ 3060. ನಮ್ಮಲ್ಲೊಬ್ಬನ ಪಾಲು ಪೂರ್ತಿ ಸ್ಕಾಲರ್‌ಶಿಪ್ ದುಡ್ಡು. ಅದನ್ನು ಇಲ್ಲೇ ಹೇಳಿಬಿಡುತ್ತೇವೆ, ಮುಂದೆ ಬೇಕಾಗುತ್ತೆ.

ಕ್ಯಾಬಿನೆಟ್‌ಗೆ ಕೊನೆಗೆ ಉಳಿದಿದ್ದು ಮೂರೂವರೆ ಸಾವಿರ. (ಯೂಟ್ಯೂಬಿನಲ್ಲಿ ಎಲ್ಲರೂ "ಕೇಸ್" ಅಂತಾರೆ. ಅಂಗಡಿಯಲ್ಲಿ ಹೋಗಿ ಕೇಸ್ ಕೊಡಿ ಅಂದರೆ ಮೊಬೈಲ್ ಕವರ್ ಕಡೆ ಕೈ ತೋರಿಸುತ್ತಾರೆ. ಮನೆಯಲ್ಲಿ ಇಡೀ ಡಬ್ಬಕ್ಕೆ "ಸಿಪಿಯು" ಅಂತಾರೆ. ನಾವು ಕ್ಯಾಬಿನೆಟ್ ಅನ್ನೋಣ.) ಅಂಗಡಿಯವರು ತೋರಿಸಿದ್ದರಲ್ಲಿ ಮುಂದೆ ಪೂರ್ತಿ ಗಾಜು, ಗಾಜಿನ ಹಿಂದೆ ಬಣ್ಣದ ಮೂರು ಫ್ಯಾನು ಇದ್ದದ್ದನ್ನು ತಂದೆವು. ಆ ಫ್ಯಾನುಗಳಿಗೆ ಗಾಳಿ ಬರಬೇಕಾದರೆ ಗಾಜಿನ ಅಂಚಿನಲ್ಲಿ ಬೆರಳು ಕೂಡ ಹೋಗದ ಸಂದು ಒಂದೇ ದಾರಿ. ಗೋಡೆಗೆ ಮೂಗು ಒತ್ತಿಕೊಂಡು ಉಸಿರಾಡಿದ ಹಾಗೆ. ಫ್ಯಾನಿನ ವೈರು ಮೊಲೆಕ್ಸ್, ಅಂದರೆ ನೇರ 12 ವೋಲ್ಟಿಗೆ. ವೇಗ ಕಮ್ಮಿ-ಜಾಸ್ತಿ ಮಾಡೋಕೆ ಆಗಲ್ಲ, ಯಾವಾಗಲೂ ಫುಲ್ ಸ್ಪೀಡು.

ಜನವರಿಯಲ್ಲಿ ಏನೂ ಗೊತ್ತಾಗಲಿಲ್ಲ. ಏಪ್ರಿಲ್‌ನಲ್ಲಿ ಗೊತ್ತಾಯ್ತು. ಇಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ರಿವ್ಯೂ ಹಿಂದಿನ ರಾತ್ರಿ ಟ್ರೈನಿಂಗ್ ಹಾಕಿ ಮಲಗಿದೆವು. ಬೆಳಿಗ್ಗೆ ಮುಗಿದಿರಬೇಕಾದದ್ದು ಅರ್ಧಕ್ಕೇ ನಿಂತಿತ್ತು, ಅಂದರೆ ನಿಂತಿರಲಿಲ್ಲ, ತೆವಳುತ್ತಿತ್ತು. ಜಿಪಿಯು 83 ಡಿಗ್ರಿಗೆ ಮುಟ್ಟಿ ತನ್ನ ವೇಗ ತಾನೇ ಇಳಿಸಿಕೊಂಡಿತ್ತು. ಒಳಗೆ ಕಾರ್ಡು ಬೇಯುತ್ತಿದ್ದರೂ ಹೊರಗೆ ಲೈಟುಗಳು ಮಾತ್ರ ಕಾಮನಬಿಲ್ಲಿನ ಥರ ಓಡುತ್ತಿದ್ದವು. ಪಕ್ಕದ ಗಾಜು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟಾಗ ಹತ್ತೇ ನಿಮಿಷದಲ್ಲಿ 72ಕ್ಕೆ ಬಂತು. ಮನೆ ಓನರ್ ಕಾಕಾ ಬಾಡಿಗೆಗೆ ಬಂದವರು ಅದನ್ನು ನೋಡಿ, "ಏನ್ರಪಾ, ಇದಕ್ಕ ಉಸಿರಾಡ್ಲಿಕ್ಕ ಜಾಗಾನೇ ಇಟ್ಟಿಲ್ಲಲ್ಲ" ಅಂದರು. ಥರ್ಮೋಡೈನಾಮಿಕ್ಸ್‌ನಲ್ಲಿ ನಾವು ನಾಲ್ವರೂ ಪಾಸಾಗಿದ್ದೆವು. ಕಾಕಾ ಪಿಯುಸಿವರೆಗೂ ಓದಿದವರಲ್ಲ.

ನಾಚಿಕೆಯಾಗಿ ಆಮೇಲೆ ಲೆಕ್ಕ ಹಾಕಿದೆವು. ಕಾರ್ಡಿಗೆ 170 ವ್ಯಾಟ್, ಪ್ರೊಸೆಸರ್‌ಗೆ 65, ಉಳಿದದ್ದೆಲ್ಲ ಸೇರಿ ಸುಮಾರು 300 ವ್ಯಾಟ್ ಅಂದುಕೊಳ್ಳಿ. ಅಷ್ಟೂ ಕೊನೆಗೆ ಶಾಖವೇ. ಅದನ್ನು ಹೊತ್ತು ಹೊರಗೆ ಹಾಕಬೇಕಾದದ್ದು ಗಾಳಿ. ಒಳಗಿನ ಗಾಳಿ ಹೊರಗಿನದಕ್ಕಿಂತ 5 ಡಿಗ್ರಿ ಮಾತ್ರ ಹೆಚ್ಚು ಬಿಸಿಯಾಗಲಿ ಅಂತಿದ್ದರೆ ಸೆಕೆಂಡಿಗೆ ಸುಮಾರು 54 ಲೀಟರ್ ಗಾಳಿ ಒಳಗೆ ಬಂದು ಹೊರಗೆ ಹೋಗಬೇಕು. ಫ್ಯಾನಿನ ಡಬ್ಬದ ಮೇಲೆ ಬರೆಯುವ ಭಾಷೆಯಲ್ಲಿ ಇದು 115 ಸಿಎಫ್‌ಎಂ. 10 ಡಿಗ್ರಿ ಆದರೂ ಪರವಾಗಿಲ್ಲ ಅಂದರೆ ಇದರ ಅರ್ಧ ಸಾಕು. ಒಂದು 120 ಮಿಮೀ ಫ್ಯಾನಿನ ಡಬ್ಬದ ಮೇಲೆ 50-60 ಅಂತ ಇರುತ್ತೆ, ಆದರೆ ಅದು ಎದುರಿಗೆ ಏನೂ ಅಡ್ಡ ಇಲ್ಲದಾಗ. ಫಿಲ್ಟರ್, ಜಾಲರಿ, ಗಾಜು ಅಡ್ಡ ಬಂದಷ್ಟೂ ಇಳಿಯುತ್ತೆ. ನಮ್ಮ ಮೂರು ಫ್ಯಾನು ಸೇರಿ ಎಷ್ಟು ಕೊಡುತ್ತಿದ್ದವೋ, ದೇವರೇ ಬಲ್ಲ.

ಇಲ್ಲೇ ಇನ್ನೊಂದು ಮಾತು. ವಿಡಿಯೋ ರಿವ್ಯೂಗಳಲ್ಲಿ "ಈ ಕ್ಯಾಬಿನೆಟ್‌ನಲ್ಲಿ ಜಿಪಿಯು 65 ಡಿಗ್ರಿ" ಅಂತ ತೋರಿಸುತ್ತಾರಲ್ಲ, ಅವರು ಕೂತಿರುವುದು ಎಸಿ ರೂಮಿನಲ್ಲಿ. ರೂಮಿನ ಉಷ್ಣತೆ ಎಷ್ಟು ಏರುತ್ತೋ ಒಳಗಿನದೂ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. ಅವರ 22ಕ್ಕೂ ನಮ್ಮ 38ಕ್ಕೂ ಇರುವ 16 ಡಿಗ್ರಿ ಕೂಡಿಸಿ ನೋಡಿ, 65 ಹೋಗಿ 81 ಆಗುತ್ತೆ. ಅವರಿಗೆ "ಸ್ವಲ್ಪ ಬಿಸಿ" ಅನ್ನಿಸಿದ ಕ್ಯಾಬಿನೆಟ್ ನಮಗೆ ಆಗಲ್ಲ ಅಂತಲೇ ಅರ್ಥ. ಮಡಿಕೇರಿಯಿಂದ ಬಂದ ಕ್ಲಾಸ್‌ಮೇಟ್ ಒಬ್ಬ ತನ್ನ ಮನೆಯಲ್ಲಿ ಇಂಥದ್ದೇ ಗಾಜಿನ ಡಬ್ಬ ಆರಾಮಾಗಿ ನಡೀತಿದೆ ಅಂದ. ನಡೆಯುತ್ತೆ, ಅದು ಮಡಿಕೇರಿ.

ಇಷ್ಟಾದ ಮೇಲೆ ನಾವು ಜಾಲರಿ ಮುಖದ ಕಪ್ಪು ಡಬ್ಬ ತಗೊಂಡಿರಬೇಕು ಅಂತ ನೀವು ಅಂದುಕೊಳ್ಳಬಹುದು. ಹಾಗೆ ಮಾಡಿದ್ದರೂ ತಪ್ಪಿರಲಿಲ್ಲ, ಅಗ್ಗವೂ ಆಗುತ್ತಿತ್ತು. ಆದರೆ ಎರಡು ಕೋಣೆಯ, ಅಂದರೆ ಡ್ಯುಯಲ್ ಚೇಂಬರ್ ಕ್ಯಾಬಿನೆಟ್ ಬಗ್ಗೆ ಓದುತ್ತಾ ಹೋದಂತೆ ಅದು ಬರೀ ಶೋಕಿ ಅಲ್ಲ ಅಂತ ಗೊತ್ತಾಯ್ತು. ಹಳೇ ಮನೆಗಳಲ್ಲಿ ಉಗ್ರಾಣ ಬೇರೆ, ನಡುಮನೆ ಬೇರೆ ಇರುತ್ತಲ್ಲ, ಅದೇ ಲೆಕ್ಕ. ಮದರ್‌ಬೋರ್ಡಿನ ಹಿಂದೆ ಇನ್ನೊಂದು ಕೋಣೆ ಮಾಡಿ, ಪವರ್ ಸಪ್ಲೈ, ಹಾರ್ಡ್‌ಡಿಸ್ಕ್, ವೈರಿನ ಗಂಟು ಎಲ್ಲ ಅಲ್ಲಿಗೆ ತಳ್ಳುತ್ತಾರೆ. ಕೋರ್ಸೇರ್ ಕಂಪನಿ 2013ರಲ್ಲೇ ಏರ್ 540 ಅಂತ ಹೀಗೆ ಮಾಡಿತ್ತು. ಈಗಿನ ಗಾಜಿನ ರೂಪ ಜನಪ್ರಿಯ ಆಗಿದ್ದು 2018ರಲ್ಲಿ ಲಿಯಾನ್ ಲಿ ಕಂಪನಿಯ ಓ11 ಡೈನಾಮಿಕ್ ಬಂದ ಮೇಲೆ.

ಎಲ್ಲರೂ ಹೇಳುವುದು ವೈರು ಕಾಣಲ್ಲ, ಚಂದ ಕಾಣುತ್ತೆ ಅಂತ. ನಮ್ಮ ಪ್ರಕಾರ ನಿಜವಾದ ಲಾಭ ಅದಲ್ಲ. ಪವರ್ ಸಪ್ಲೈ ತಳದಿಂದ ಎದ್ದು ಹಿಂದಿನ ಕೋಣೆಗೆ ಹೋದ ಕಾರಣ ತಳ ಪೂರ್ತಿ ಖಾಲಿಯಾಯ್ತು. ಆ ಖಾಲಿ ತಳದಲ್ಲಿ ಮೂರು ಫ್ಯಾನು ಹಾಕಿದರೆ ಹೊರಗಿನ ತಣ್ಣನೆ ಗಾಳಿ, ಕಲಬುರಗಿಯಲ್ಲಿ ಎಷ್ಟು ತಣ್ಣಗೆ ಸಿಗುತ್ತೋ ಅಷ್ಟು, ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಬಾಯಿಗೇ ಹೋಗುತ್ತೆ. ಮಾಮೂಲಿ ಡಬ್ಬದಲ್ಲಿ ಈ ದಾರಿಗೆ ಪವರ್ ಸಪ್ಲೈ ಅಡ್ಡ ಕೂತಿರುತ್ತೆ. ಪಕ್ಕದಿಂದ ಇನ್ನಷ್ಟು ಗಾಳಿ ಒಳಗೆ, ಬಿಸಿಯಾದದ್ದು ಮೇಲಿನಿಂದ ಹೊರಗೆ, ಅಜ್ಜಿ ಮನೆಯ ಮಾಡಿನ ಗವಾಕ್ಷಿ ಥರ. ಅಂದರೆ ಮುಂದೆ ಗಾಜು ಹಾಕಿ ಮುಚ್ಚಿದ್ದಕ್ಕೆ ಇವರು ಬೇರೆ ದಾರಿ ಕೊಟ್ಟಿದ್ದಾರೆ. ನಮ್ಮ ಮೊದಲ ಡಬ್ಬದವರು ಗಾಜು ಹಾಕಿ ಸುಮ್ಮನಾಗಿದ್ದರು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ಹಾಗಾಗಿ ಅಂಗಡಿಗೆ ಹೋದರೆ ಮೊದಲು ಮುಂದಿನ ಗಾಜು ನೋಡಬೇಡಿ, ಬಗ್ಗಿ ತಳ ನೋಡಿ. ತೂತು ಇದೆಯಾ, ಫ್ಯಾನು ಕೂರುತ್ತಾ, ಕಾಲು ಎಷ್ಟು ಎತ್ತರ? ಕೆಳಗೆ ಎರಡು ಬೆರಳಷ್ಟಾದರೂ ಸಂದು ಇಲ್ಲದಿದ್ದರೆ ಮೂರು ಫ್ಯಾನು ಹಾಕಿ ಏನು ಮಾಡ್ತೀರಿ. ಧೂಳಿನ ಫಿಲ್ಟರ್ ಡಬ್ಬ ಎತ್ತದೆಯೇ ಪಕ್ಕದಿಂದ ಎಳೆಯೋಕೆ ಬರುತ್ತಾ ನೋಡಿ. ಎತ್ತಿ ತೊಳೆಯಬೇಕಾದ ಫಿಲ್ಟರನ್ನು ಯಾರೂ ತೊಳೆಯಲ್ಲ, ನಾವಂತೂ ತೊಳೆಯಲ್ಲ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಆಗ ಸಂದುಗೊಂದುಗಳಿಂದ ಧೂಳು ಒಳಗೆ ನುಗ್ಗಲ್ಲ.

ಆಮೇಲೆ ಮೇಲ್ಭಾಗ. ಎನ್‌ಝಡ್‌ಎಕ್ಸ್‌ಟಿಯವರ ಎಚ್9 ಎರಡು ಥರ ಬಂತು, ಎಲೀಟ್ ಮತ್ತು ಫ್ಲೋ. ದೂರದಿಂದ ನೋಡಿದರೆ ಅಣ್ಣತಮ್ಮ. ಎಲೀಟ್‌ನ ತಲೆ ಮೇಲೆ ಗಾಜು, ಫ್ಲೋ ತಲೆ ಮೇಲೆ ಜಾಲರಿ. ನಮ್ಮ ಊರಿಗೆ ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಗಲ ಕೂಡ ಅಳೆಯಿರಿ. ಓ11 ಡೈನಾಮಿಕ್ 272 ಮಿಮೀ ಅಗಲ, ಮಾಮೂಲಿ ಡಬ್ಬಗಳು 210-230ರ ಆಸುಪಾಸು. ಹಾಸ್ಟೆಲ್ ಟೇಬಲ್ ಮೇಲೆ ಅದನ್ನಿಟ್ಟರೆ ಮಾನಿಟರ್ ನಿಮ್ಮ ತೊಡೆ ಮೇಲೆ. ಅಷ್ಟು ಅಗಲ ಇದ್ದರೂ ಅದರೊಳಗೆ 155 ಮಿಮೀಗಿಂತ ಎತ್ತರದ ಏರ್ ಕೂಲರ್ ಹಿಡಿಸಲ್ಲ, ಯಾಕಂದರೆ ಹಿಂದಿನ ಕೋಣೆ ತನ್ನ ಪಾಲು ತಿಂದಿರುತ್ತೆ.

ಇನ್ನು ದುಡ್ಡು. ಇಂಥ ಕ್ಯಾಬಿನೆಟ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳ ಜೊತೆ ಫ್ಯಾನೇ ಬರಲ್ಲ, ಓ11 ಡೈನಾಮಿಕ್ ಕೂಡ ಹಾಗೇ. ಫೋಟೋದಲ್ಲಿರುವ ಒಂಬತ್ತು ಫ್ಯಾನು ಬೇರೆ ಬಿಲ್ಲು. ಅದರಲ್ಲೂ ತಳದಲ್ಲಿ, ಪಕ್ಕದಲ್ಲಿ ಗಾಳಿ ಒಳಗೆಳೆಯುವ ಫ್ಯಾನಿನ ಬೆನ್ನು ನಿಮ್ಮ ಕಡೆ ಇರುತ್ತೆ. ಮುಖ ಕಾಣಬೇಕು ಅಂದರೆ ರೆಕ್ಕೆ ಉಲ್ಟಾ ಇರುವ ಫ್ಯಾನು ತಗೋಬೇಕು, ಅದಕ್ಕೆ ಇನ್ನೂ ಜಾಸ್ತಿ. ಕ್ಯಾಬಿನೆಟ್ ಬೆಲೆ ನೋಡಿ ಬಜೆಟ್ ಮಾಡಿದರೆ ಫ್ಯಾನಿಗೆ ಬರುವಷ್ಟರಲ್ಲಿ ಜೇಬು ಖಾಲಿ. ಎರಡನೇ ಸಲ ಕ್ಯಾಬಿನೆಟ್‌ಗೆ ಅಂತ ದುಡ್ಡು ಕೇಳಿದಾಗ ಸ್ಕಾಲರ್‌ಶಿಪ್ ಗೆಳೆಯ ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಮೊದಲನೆಯದು ತರುವಾಗ ಬೇಡ ಅಂದವನೂ ಅವನೇ, ಗಾಜಿಗೆ ಕೈ ಎತ್ತಿ ಓಟು ಹಾಕಿದ್ದು ಉಳಿದ ಮೂವರು. ಕೊನೆಗೆ ಒಪ್ಪಂದ ಆಯ್ತು: ಎರಡನೇ ಸಲದ ಖರ್ಚು ಆ ಮೂವರದ್ದು, ಫ್ಯಾನು ಎಷ್ಟು, ಎಲ್ಲಿ ಅನ್ನೋದು ಅವನ ತೀರ್ಮಾನ. ಅವನು ಆರು ಅಂದ. ತಳದಲ್ಲಿ ಮೂರು, ಪಕ್ಕದಲ್ಲಿ ಒಂದು, ಮೇಲೆ ಎರಡು. ತಳದ್ದಕ್ಕೂ ಪಕ್ಕದ್ದಕ್ಕೂ ಲೈಟಿಲ್ಲದ ಕಪ್ಪು ಫ್ಯಾನು, ವೇಗ ಮದರ್‌ಬೋರ್ಡಿನಿಂದಲೇ ಬದಲಿಸಬಹುದಾದದ್ದು. ಲೈಟು ಮೇಲಿನ ಎರಡಕ್ಕೆ, ಜೊತೆಗೊಂದು ಎಲ್‌ಇಡಿ ಪಟ್ಟಿ.

ಆ ಪಟ್ಟಿಯದ್ದೂ ಒಂದು ಕಥೆ ಇದೆ. ಬಣ್ಣ ಬಣ್ಣವಾಗಿ ಓಡುವ ಲೈಟಿಗೆ 5 ವೋಲ್ಟ್, ಮೂರು ಪಿನ್ನು. ಎಲ್ಲ ಒಂದೇ ಬಣ್ಣಕ್ಕೆ ತಿರುಗುವ ಹಳೇ ಥರದ್ದಕ್ಕೆ 12 ವೋಲ್ಟ್, ನಾಲ್ಕು ಪಿನ್ನು. ಒಳ್ಳೆ ಕನೆಕ್ಟರ್‌ಗಳಲ್ಲಿ ನಾಲ್ಕನೇ ತೂತು ಮುಚ್ಚಿರುತ್ತೆ, ತಪ್ಪು ಜಾಗದಲ್ಲಿ ಹೋಗೋದೇ ಇಲ್ಲ. ನಾವು ತಂದ ಅಗ್ಗದ ಪಟ್ಟಿಯಲ್ಲಿ ಮುಚ್ಚಿರಲಿಲ್ಲ. ಚಕ್ಕನೆ ಹೋಯ್ತು, ಆನ್ ಮಾಡಿದೆವು, ಸುಟ್ಟ ವಾಸನೆ. 450 ರೂಪಾಯಿ, ಒಂದು ಸೆಕೆಂಡು. ಇನ್ನೊಂದು ವಿಷಯ, ಮದರ್‌ಬೋರ್ಡಿನ ಆ ಜಾಗ ಸಾಮಾನ್ಯವಾಗಿ 3 ಆಂಪ್ಸ್‌ವರೆಗೆ ಮಾತ್ರ ತಡೆಯುತ್ತೆ. ಒಂದಕ್ಕೊಂದು ಪೋಣಿಸಿ ಒಂಬತ್ತು ಫ್ಯಾನು ಅದಕ್ಕೇ ನೇತುಹಾಕುವ ಮುಂಚೆ ಲೆಕ್ಕ ಮಾಡಿ, ಇಲ್ಲ ಅಂದರೆ ಪವರ್ ಸಪ್ಲೈಯಿಂದ ಕರೆಂಟ್ ತಗೊಳ್ಳುವ ಹಬ್ ಹಾಕಿ.

ಲೈಟೇ ಯಾಕೆ ಬೇಕು ಅಂತ ಕೇಳುವ ಸೀನಿಯರ್‌ಗಳಿಗೆ ನಮ್ಮ ಉತ್ತರ ಸರಳ. ದೀಪಾವಳಿಗೆ ಮನೆಗೆ ಸೀರಿಯಲ್ ಸೆಟ್ ಹಾಕುವಾಗ ಅದರಿಂದ ಉಪಯೋಗ ಏನು ಅಂತ ಯಾರೂ ಕೇಳಲ್ಲ. ದಿನಕ್ಕೆ ಎಂಟು-ಹತ್ತು ತಾಸು ಅದರ ಎದುರು ಕೂರುವವರು ನಾವು. ಬಣ್ಣ ಸುಟ್ಟ ಗೋಡೆ, ಟ್ಯೂಬ್‌ಲೈಟು, ನಾಲ್ಕು ಕಬ್ಬಿಣದ ಮಂಚ ಇರುವ ರೂಮಿನಲ್ಲಿ ನಮಗೆ ಚಂದ ಕಾಣುವ ಒಂದು ವಸ್ತು ಇರಲಿ ಅಂತ ಆಸೆಪಟ್ಟರೆ ಅದು ಅಪರಾಧ ಅಲ್ಲ. ಗಾಳಿಯ ಲೆಕ್ಕ ಮುಗಿದ ಮೇಲೆ ಆಸೆಪಡಬೇಕಿತ್ತು, ಅಷ್ಟೇ ನಮ್ಮ ತಪ್ಪು.

ಎರಡನೇ ಕ್ಯಾಬಿನೆಟ್ ತಂದಿದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ. ಆನ್‌ಲೈನ್‌ನಲ್ಲಿ ಸಿಗುತ್ತಿತ್ತು, ಆದರೆ ಈ ಸಲ ಬಗ್ಗಿ ನೋಡಿಯೇ ತರಬೇಕು ಅಂತ ಹಠ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ನಮ್ಮಲ್ಲಿಬ್ಬರು ಒಂದೇ ಬರ್ತಿನಲ್ಲಿ ಮುದುಡಿ ಕೂತು, ಇನ್ನೊಂದು ಬರ್ತನ್ನು ಕ್ಯಾಬಿನೆಟ್‌ಗೆ ಬಿಟ್ಟುಕೊಟ್ಟೆವು. ಟೆಂಪರ್ಡ್ ಗಾಜಿನ ಮಧ್ಯೆ ಗುದ್ದಿದರೂ ತಡೆಯುತ್ತೆ, ಅಂಚಿಗೆ ಸಣ್ಣ ಪೆಟ್ಟು ಬಿದ್ದರೆ ಪೂರ್ತಿ ಪುಡಿಪುಡಿ. ಬಿಚ್ಚಿದ ಗಾಜನ್ನು ಟೈಲ್ಸ್ ಮೇಲೆ ನಿಲ್ಲಿಸಿ ಕಳೆದುಕೊಂಡವರ ಫೋಟೋಗಳು ಬೇಕಾದಷ್ಟಿವೆ. ನಮ್ಮ ರೂಮಿನದು ಶಾಬಾದ್ ಕಲ್ಲಿನ ನೆಲ, ಆದರೂ ಗಾಜು ಬಿಚ್ಚಿದಾಗೆಲ್ಲ ಹಾಸಿಗೆ ಮೇಲೇ ಮಲಗಿಸುತ್ತೇವೆ.

ಮೇ ತಿಂಗಳಲ್ಲಿ ಅದೇ ಟ್ರೈನಿಂಗ್, ಅದೇ ರೂಮು, 74 ಡಿಗ್ರಿ ದಾಟಲಿಲ್ಲ. ಮೊದಲ ಡಬ್ಬ ಕೆಳಗಿನ ರೂಮಿನ ಜೂನಿಯರ್‌ಗಳಿಗೆ ಕೊಟ್ಟೆವು. ಅವರು ಮುಂದಿನ ಗಾಜು ಕಿತ್ತು, ಹಾರ್ಡ್‌ವೇರ್ ಅಂಗಡಿಯಿಂದ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ತಂದು, ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದ್ದಾರೆ. ಖರ್ಚು 80 ರೂಪಾಯಿ. ಅದೂ ಚೆನ್ನಾಗೇ ನಡೀತಿದೆ. ಸ್ಕಾಲರ್‌ಶಿಪ್ ಗೆಳೆಯ ಅದನ್ನು ವಾರಕ್ಕೊಂದು ಸಲ ನಮಗೆ ನೆನಪಿಸುತ್ತಾನೆ.