ಹೊಸ ದುಬಾರಿ ಕಾರಿಗೆ ರಿಕಾಲ್ ಬಂದರೆ ಅದು ಕೆಟ್ಟ ಕಾರೇ?

"ಅಷ್ಟೊಂದು ದುಡ್ಡು ಸುರಿದು ತಗೊಂಡ ಕಾರನ್ನು ವರ್ಷ ತುಂಬುವುದರೊಳಗೆ ಕಂಪನಿಯವರೇ ವಾಪಸ್ ಕರೆಸಿಕೊಂಡರಂತೆ!" ಇಂಥ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: "ನಮ್ಮ ಕಾರಿಗೆ ಒಂದೇ ಒಂದು ರಿಕಾಲ್ ಬಂದಿಲ್ಲ, ಗಟ್ಟಿ ಗಾಡಿ." ಈ ಎರಡು ಮಾತುಗಳಲ್ಲಿ ಎಷ್ಟು ನಿಜವಿದೆ?

ಇತ್ತೀಚಿನ ಒಂದು ಉದಾಹರಣೆಯಿಂದ ಶುರು ಮಾಡೋಣ. ಅಮೆರಿಕದಲ್ಲಿ ಟೆಸ್ಲಾ ಕಂಪನಿಯ ಸೈಬರ್‌ಟ್ರಕ್ 2023ರ ನವೆಂಬರ್ ಕೊನೆಯಲ್ಲಿ ಗ್ರಾಹಕರ ಕೈ ಸೇರಿತು. ಮೊದಲು ಮಾರಾಟವಾದ ಆವೃತ್ತಿಗಳ ಬೆಲೆ ಸುಮಾರು 1 ಲಕ್ಷ ಡಾಲರ್. 2025ರ ಮಾರ್ಚ್‌ನಲ್ಲಿ ಕಂಪನಿ 46,096 ಸೈಬರ್‌ಟ್ರಕ್‌ಗಳಿಗೆ ರಿಕಾಲ್ ಘೋಷಿಸಿತು. ಮುಂದಿನ ಗಾಜು ಮತ್ತು ಚಾವಣಿ ಸೇರುವ ಕಡೆ, ಎರಡೂ ಪಕ್ಕದಲ್ಲಿ ಇರುವ ಸ್ಟೀಲ್ ಪಟ್ಟಿಯ ಅಂಟು ಪೆಡಸಾಗಿ, ಗಾಡಿ ಓಡುವಾಗಲೇ ಪಟ್ಟಿ ಕಳಚಿ ಬೀಳಬಹುದು ಎಂಬುದು ಕಾರಣ. ಹದಿನೈದು ತಿಂಗಳಲ್ಲಿ ಇದು ಎಂಟನೇ ರಿಕಾಲ್ ಎಂದು ಸುದ್ದಿಯಾಯಿತು. ಎಂಟು ಎಂದ ಕೂಡಲೇ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಆ ಎಂಟರ ಒಳಗೆ ಏನಿದೆ ಎಂದು ನೋಡುವ ಮೊದಲು, ರಿಕಾಲ್ ಎಂದರೇನು ಎಂಬುದು ಸ್ಪಷ್ಟವಾಗಬೇಕು.

ರಿಕಾಲ್ ಎಂದರೆ ಕಾರು ವಾಪಸ್ ಕೊಡುವುದಲ್ಲ

ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ "ಕಾರು ಹಿಂಪಡೆದ ಕಂಪನಿ" ಎಂದು ಬರೆಯುತ್ತವೆ. ಓದಿದವರಿಗೆ ಕಂಪನಿ ಕಾರನ್ನು ಇಟ್ಟುಕೊಂಡು ಹಣ ಮರಳಿಸುತ್ತದೆ ಅನ್ನಿಸಬಹುದು. ಬಹುತೇಕ ರಿಕಾಲ್‌ಗಳಲ್ಲಿ ಹಾಗೇನೂ ಆಗುವುದಿಲ್ಲ. ಸುರಕ್ಷತೆಗೆ ಧಕ್ಕೆ ತರುವ ದೋಷ ಒಂದು ಮಾದರಿಯಲ್ಲಿ ಪತ್ತೆಯಾದಾಗ, ಆ ದೋಷ ಇರಬಹುದಾದ ಎಲ್ಲ ಕಾರುಗಳನ್ನೂ ಸರ್ವಿಸ್ ಸೆಂಟರ್‌ಗೆ ಕರೆಸಿ ಉಚಿತವಾಗಿ ಸರಿಪಡಿಸುವುದೇ ರಿಕಾಲ್.

ಅಮೆರಿಕದಲ್ಲಿ ಇದಕ್ಕೆ ಅಡಿಪಾಯ ಹಾಕಿದ್ದು 1966ರ ವಾಹನ ಸುರಕ್ಷತಾ ಕಾಯ್ದೆ. ಉಸ್ತುವಾರಿ ನೋಡಿಕೊಳ್ಳುವುದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ, ಎನ್‌ಎಚ್‌ಟಿಎಸ್‌ಎ. ಸುರಕ್ಷತೆಯ ದೋಷ ಇದೆ ಎಂದು ಖಚಿತವಾದ ಐದು ಕೆಲಸದ ದಿನಗಳಲ್ಲಿ ಕಂಪನಿ ಈ ಸಂಸ್ಥೆಗೆ ತಿಳಿಸಬೇಕು. ಮಾಲೀಕರಿಗೂ ಪತ್ರ ಬರೆಯಬೇಕು.

ಇಲ್ಲಿ ಮುಖ್ಯ ಪದ 'ಸುರಕ್ಷತೆ'. ಸೀಟಿನ ಚರ್ಮ ಸುಕ್ಕಾಗಿದೆ, ಎಸಿ ಸರಿಯಾಗಿ ತಂಪು ಮಾಡುತ್ತಿಲ್ಲ, ಬಣ್ಣ ಸುಲಿಯುತ್ತಿದೆ ಎಂಬುದೆಲ್ಲ ವಾರಂಟಿಗೆ ಸೇರಿದ ತಕರಾರು. ಅವು ಎಷ್ಟೇ ಬಂದರೂ ಸಾಮಾನ್ಯವಾಗಿ ರಿಕಾಲ್ ಆಗುವುದಿಲ್ಲ. ಹಾಗಾಗಿ ಒಂದೂ ರಿಕಾಲ್ ಇಲ್ಲದ ಕಾರು ಕಿರಿಕಿರಿಯ ಗೂಡಾಗಿರಬಹುದು. ನಾಲ್ಕು ರಿಕಾಲ್ ಕಂಡ ಕಾರು ಉಳಿದ ವಿಷಯದಲ್ಲಿ ಅಚ್ಚುಕಟ್ಟಾಗಿ ಇರಬಹುದು.

ಎಣಿಸಿದರೆ ಸಾಲದು, ಬಿಡಿಸಿ ನೋಡಬೇಕು

ಈಗ ಸೈಬರ್‌ಟ್ರಕ್‌ನ ಪಟ್ಟಿಗೆ ಬರೋಣ. 2024ರ ಆರಂಭದಲ್ಲಿ ಟೆಸ್ಲಾದ ಸುಮಾರು 22 ಲಕ್ಷ ವಾಹನಗಳಿಗೆ ರಿಕಾಲ್ ಬಂತು, ಸೈಬರ್‌ಟ್ರಕ್ ಕೂಡ ಅದರಲ್ಲಿತ್ತು. ಪರದೆಯ ಮೇಲಿನ ಕೆಲವು ಎಚ್ಚರಿಕೆಯ ಅಕ್ಷರಗಳು ನಿಯಮ ಹೇಳುವುದಕ್ಕಿಂತ ಚಿಕ್ಕದಾಗಿದ್ದದ್ದು ಕಾರಣ. ಮೊಬೈಲ್‌ಗೆ ಅಪ್‌ಡೇಟ್ ಬರುವ ಹಾಗೆ ಇಂಟರ್‌ನೆಟ್ ಮೂಲಕವೇ ಅದನ್ನು ಸರಿಪಡಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 27,185 ಸೈಬರ್‌ಟ್ರಕ್‌ಗಳಿಗೆ ಇನ್ನೊಂದು ರಿಕಾಲ್. ರಿವರ್ಸ್ ಗೇರ್ ಹಾಕಿದಾಗ ಹಿಂಬದಿ ಕ್ಯಾಮೆರಾದ ಚಿತ್ರ ಮೂಡುವುದು ತಡವಾಗುತ್ತಿತ್ತು. ಎರಡು ಸೆಕೆಂಡಿನೊಳಗೆ ಚಿತ್ರ ಬರಬೇಕು ಎಂಬುದು ನಿಯಮ. ಇದಕ್ಕೂ ಸಾಫ್ಟ್‌ವೇರ್ ಮದ್ದು.

ಆದರೆ 2024ರ ಏಪ್ರಿಲ್‌ನ ರಿಕಾಲ್ ಬೇರೆಯೇ ತೂಕದ್ದು. ಆಕ್ಸಿಲರೇಟರ್ ಪೆಡಲ್‌ಗೆ ತೊಡಿಸಿದ ಹೊದಿಕೆ ಜಾರಿ ಮೇಲಕ್ಕೆ ಹೋಗಿ ಸಿಕ್ಕಿಕೊಂಡರೆ ಪೆಡಲ್ ಒತ್ತಿದಂತೆಯೇ ಉಳಿಯಬಹುದಿತ್ತು. ಕಾರಣ ಏನು ಗೊತ್ತೇ? ಸೋಪು! ಹೊದಿಕೆಯನ್ನು ಸಲೀಸಾಗಿ ಜೋಡಿಸಲೆಂದು ತಯಾರಿಕೆಯ ವೇಳೆ, ಅನುಮತಿ ಇಲ್ಲದೆಯೇ, ಸೋಪನ್ನು ಜಾರುಕವಾಗಿ ಬಳಸಲಾಗಿತ್ತು. ಅದರ ಅಂಶ ಉಳಿದು ಹೊದಿಕೆಯ ಹಿಡಿತ ಸಡಿಲವಾಯಿತು. ಅಲ್ಲಿಯವರೆಗೆ ತಯಾರಾಗಿದ್ದ 3,878 ವಾಹನಗಳೆಲ್ಲವೂ ದುರಸ್ತಿಗೆ ಹೋಗಬೇಕಾಯಿತು.

ಅಕ್ಷರದ ಗಾತ್ರವೂ 'ಒಂದು' ರಿಕಾಲ್, ಸಿಕ್ಕಿಕೊಳ್ಳುವ ಆಕ್ಸಿಲರೇಟರ್ ಕೂಡ 'ಒಂದು' ರಿಕಾಲ್. ಬರೀ ಎಣಿಕೆಯಲ್ಲಿ ಎರಡೂ ಸಮ. ನೆಗಡಿಗೂ ಹೃದಯದ ತೊಂದರೆಗೂ ಆಸ್ಪತ್ರೆಯಲ್ಲಿ ಒಂದೊಂದೇ ಚೀಟಿ ಬರೆದ ಹಾಗೆ. ಎಷ್ಟು ಕಾರುಗಳಿಗೆ ಅನ್ವಯ ಎಂಬ ಸಂಖ್ಯೆಯೂ ಅಷ್ಟೇ. 22 ಲಕ್ಷ ಎಂಬ ದೊಡ್ಡ ಸಂಖ್ಯೆಯ ಹಿಂದೆ ಚಿಕ್ಕ ದೋಷವಿತ್ತು, 3,878 ಎಂಬ ಚಿಕ್ಕ ಸಂಖ್ಯೆಯ ಹಿಂದೆ ದೊಡ್ಡ ಅಪಾಯವಿತ್ತು.

ಹಾಗೆಂದು "ಸಾಫ್ಟ್‌ವೇರ್ ರಿಕಾಲ್ ನಿಜವಾದ ರಿಕಾಲ್ ಅಲ್ಲ" ಎಂಬ ವಾದವೂ ಸರಿಯಲ್ಲ. ರಿಪೇರಿಗೆ ಸ್ಪ್ಯಾನರ್ ಬೇಕೋ ಇಂಟರ್‌ನೆಟ್ ಸಾಕೋ ಎಂಬುದರಿಂದ ಅಪಾಯದ ಮಟ್ಟ ತೀರ್ಮಾನವಾಗುವುದಿಲ್ಲ. ಕ್ಯಾಮೆರಾ ತಡವಾಗಿ ಮೂಡಿದ ಆ ಕೆಲವು ಸೆಕೆಂಡುಗಳಲ್ಲಿ ಕಾರಿನ ಹಿಂದೆ ಮಗು ಇರಬಹುದು.

ಹೊಸ ಮಾದರಿಗೆ, ಅದರಲ್ಲೂ ದುಬಾರಿ ಕಾರಿಗೆ, ತಕರಾರು ಹೆಚ್ಚೇಕೆ?

ಯಂತ್ರಗಳ ದೋಷದ ಲೆಕ್ಕವನ್ನು ಎಂಜಿನಿಯರ್‌ಗಳು ಬಾತ್‌ಟಬ್ ಆಕಾರದ ಗೆರೆಯಲ್ಲಿ ತೋರಿಸುತ್ತಾರೆ. ಮೊದಲ ದಿನಗಳಲ್ಲಿ ದೋಷ ಹೆಚ್ಚು, ನಡುವಿನ ವರ್ಷಗಳಲ್ಲಿ ಕಡಿಮೆ, ಹಳತಾಗಿ ಸವೆದಾಗ ಮತ್ತೆ ಹೆಚ್ಚು. ಹೊಚ್ಚ ಹೊಸ ಮಾದರಿಯಲ್ಲಿ ಬಿಡಿಭಾಗ ಹೊಸದು, ಜೋಡಿಸುವ ವಿಧಾನ ಹೊಸದು. ಕಂಪನಿಯ ಪರೀಕ್ಷೆಯಲ್ಲಿ ಕಾಣದ ತಪ್ಪುಗಳು ಸಾವಿರಾರು ಜನ ಸಾವಿರಾರು ರೀತಿಯಲ್ಲಿ ಓಡಿಸಿದಾಗ ಹೊರಬರುತ್ತವೆ.

ದುಬಾರಿ ಕಾರು ಹೊಸ ತಂತ್ರಜ್ಞಾನಗಳ ಮೊದಲ ಪ್ರಯೋಗಶಾಲೆಯೂ ಹೌದು. ತಾನೇ ತೆರೆಯುವ ಬಾಗಿಲು, ತಾನೇ ಹಾಕುವ ಬ್ರೇಕ್, ದೊಡ್ಡ ಪರದೆ, ಹತ್ತಾರು ಸೆನ್ಸರ್‌ಗಳೆಲ್ಲ ಮೊದಲು ಬರುವುದು ಅಲ್ಲಿಗೆ. ಇಲ್ಲದ ಭಾಗ ಕೆಡುವುದಿಲ್ಲ, ಇರುವ ಭಾಗ ಕೆಡಬಹುದು! ಜೊತೆಗೆ ಹೆಚ್ಚು ದುಡ್ಡು ಕೊಟ್ಟವರ ನಿರೀಕ್ಷೆಯೂ ಹೆಚ್ಚು. ಸದ್ದೇ ಇಲ್ಲದ ಕ್ಯಾಬಿನ್‌ನಲ್ಲಿ ಸಣ್ಣ ಕಟಕಟವೂ ದೊಡ್ಡದಾಗಿ ಕೇಳಿಸುತ್ತದೆ.

ಎರಡೇ ದೂರು, 8,000 ಕಾರು

ಹಾಗಾದರೆ ಒಂದು ರಿಕಾಲನ್ನು ಅಳೆಯುವುದು ಹೇಗೆ? ದೂರು ಎಷ್ಟು ಬೇಗ ಸರಿಯಾದ ಕಿವಿಗೆ ತಲುಪಿತು ಎಂಬುದರಿಂದ. ಇದಕ್ಕೆ ಒಂದೇ ಬ್ರ್ಯಾಂಡಿನ ಎರಡು ಕಥೆಗಳಿವೆ, ನಡುವೆ 20 ವರ್ಷಗಳ ಅಂತರ.

ಟೊಯೋಟಾ ತನ್ನ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ ಅನ್ನು ಅಮೆರಿಕದಲ್ಲಿ ಮಾರಾಟಕ್ಕೆ ಇಳಿಸಿದ್ದು 1989ರ ಸೆಪ್ಟೆಂಬರ್‌ನಲ್ಲಿ. ಜರ್ಮನಿಯ ಹೆಸರಾಂತ ಕಾರುಗಳ ಎದುರು ಎಲ್‌ಎಸ್ 400 ಎಂಬ ಹೊಸ ಮಾದರಿ. ಮೂರು ತಿಂಗಳಾಗುವ ಮೊದಲೇ ದೂರು ಬಂತು. ಒಂದು, ದೋಷವಿದ್ದ ವೈರಿಂಗ್ ಬಗ್ಗೆ. ಇನ್ನೊಂದು, ಹಿಂದಿನ ಗಾಜಿನ ಬಳಿಯ ಬ್ರೇಕ್ ದೀಪ ಅತಿಯಾಗಿ ಬಿಸಿಯಾದದ್ದರ ಬಗ್ಗೆ. ಎರಡೇ ದೂರು. ಡಿಸೆಂಬರ್ 1ರಂದು ಕಂಪನಿ ಅಲ್ಲಿಯವರೆಗೆ ಮಾರಿದ್ದ ಸುಮಾರು 8,000 ಕಾರುಗಳಿಗೂ ರಿಕಾಲ್ ಘೋಷಿಸಿತು.

ತಂತ್ರಜ್ಞರು ಮಾಲೀಕರ ಮನೆಗೇ ಹೋಗಿ ಕಾರು ಒಯ್ದು, ಸರಿಪಡಿಸಿ, ತಂದುಕೊಟ್ಟರು. ಶೋರೂಂ ಹತ್ತಿರವಿಲ್ಲದ ಊರುಗಳಿಗೆ ಸಿಬ್ಬಂದಿಯನ್ನು ವಿಮಾನದಲ್ಲಿ ಕಳುಹಿಸಿ, ಬಾಡಿಗೆ ಗ್ಯಾರೇಜಿನಲ್ಲಿ ಕೆಲಸ ಮುಗಿಸಿದರು. 20 ದಿನಗಳಲ್ಲಿ ಎಲ್ಲ ಮುಗಿಯಿತು. ಹೊಸ ಬ್ರ್ಯಾಂಡಿಗೆ ಮುಳುವಾಗಬಹುದಾಗಿದ್ದ ರಿಕಾಲ್ ಅದರ ಹೆಸರನ್ನು ಗಟ್ಟಿ ಮಾಡಿತು. ವ್ಯಾಪಾರದ ಪಾಠಗಳಲ್ಲಿ ಇಂದಿಗೂ ಈ ಪ್ರಸಂಗ ಬರುತ್ತದೆ.

ಕೌಂಟರ್‌ನಲ್ಲೇ ನಿಂತುಹೋದ ದೂರು

2009ರ ಆಗಸ್ಟ್ 28. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿ ಒಂದು ಲೆಕ್ಸಸ್ ಇಎಸ್ 350 ಹೆದ್ದಾರಿಯಲ್ಲಿ ನಿಲ್ಲಿಸಲಾಗದಷ್ಟು ವೇಗ ಪಡೆದು ಅಪಘಾತಕ್ಕೀಡಾಯಿತು. ಒಂದೇ ಕುಟುಂಬದ ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಗಸ್ತು ಪಡೆಯ ಅಧಿಕಾರಿ, ಅಂದರೆ ಚಾಲನೆಯಲ್ಲಿ ಪಳಗಿದವರು. ಅವರ ಸ್ವಂತ ಕಾರು ಸರ್ವಿಸ್‌ನಲ್ಲಿದ್ದ ಕಾರಣ ಡೀಲರ್ ತಾತ್ಕಾಲಿಕವಾಗಿ ಕೊಟ್ಟ ಕಾರು ಅದು. ಅದರಲ್ಲಿ ಬೇರೆ ಮಾದರಿಗೆ ಮಾಡಿದ ಫ್ಲೋರ್ ಮ್ಯಾಟ್ ಹಾಕಲಾಗಿತ್ತು. ಮ್ಯಾಟ್ ಮುಂದಕ್ಕೆ ಜರುಗಿ ಆಕ್ಸಿಲರೇಟರ್ ಪೆಡಲನ್ನು ಹಿಡಿದಿಟ್ಟಿತ್ತು.

ತನಿಖೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ಹೆಚ್ಚು ಕಲಕುವಂಥದ್ದು. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಬೇರೊಬ್ಬ ಗ್ರಾಹಕರಿಗೂ ಪೆಡಲ್ ಮ್ಯಾಟ್‌ಗೆ ಸಿಕ್ಕಿಕೊಂಡಿತ್ತು. ಅವರು ಹೇಗೋ ಪಾರಾಗಿ, ಕಾರು ಮರಳಿಸುವಾಗ ವಿಷಯ ತಿಳಿಸಿದ್ದರು. ಆ ಮಾತು ಕೌಂಟರ್ ದಾಟಿ ಕಾರಿನವರೆಗೆ ಹೋಗಲಿಲ್ಲ.

ಮುಂದೆ ಟೊಯೋಟಾ ಲಕ್ಷಗಟ್ಟಲೆ ಕಾರುಗಳನ್ನು ರಿಕಾಲ್ ಮಾಡಿತು. ಸುರಕ್ಷತೆಯ ತೊಂದರೆಗಳ ಬಗ್ಗೆ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಲು ಒಪ್ಪಿತು. 1989ರಲ್ಲಿ ಎರಡು ದೂರಿಗೆ ಎಲ್ಲ ಕಾರುಗಳೂ ಸರಿಯಾದವು. 2009ರಲ್ಲಿ ಒಂದು ದೂರಿಗೆ ಅದು ಬಂದ ಕಾರು ಕೂಡ ಸರಿಯಾಗಲಿಲ್ಲ. ರಿಕಾಲ್ ಬಂದಿದೆ ಎಂಬುದಕ್ಕಿಂತ, ಬರಬೇಕಾದಾಗ ಬರಲಿಲ್ಲ ಎಂಬುದು ಹೆಚ್ಚು ಭಯಪಡಬೇಕಾದ ಸಂಗತಿ.

ದೂರು ಎಂದರೆ ರೋಗಲಕ್ಷಣ, ರೋಗದ ಹೆಸರಲ್ಲ

ಹಾಗಾದರೆ ಮಾಲೀಕರು ಹೇಳಿದ್ದೆಲ್ಲ ಸತ್ಯವೇ? ಇದಕ್ಕೆ ಆಡಿ 5000 ಕಾರಿನ ಪ್ರಸಂಗ ನೋಡಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಕಾರು "ತಾನಾಗಿಯೇ ನುಗ್ಗುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ" ಎಂಬ ದೂರುಗಳು ಬಂದವು. ಜನ ಸತ್ತದ್ದೂ ಉಂಟು. 1986ರ ನವೆಂಬರ್‌ನಲ್ಲಿ ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಕಾರ್ಯಕ್ರಮ ಇದನ್ನು ಪ್ರಸಾರ ಮಾಡಿತು. ಪೆಡಲ್ ತಾನಾಗಿ ಕೆಳಗಿಳಿಯುವ ದೃಶ್ಯವನ್ನು ದೇಶವೇ ನೋಡಿತು. ಅದಕ್ಕಾಗಿ ಕಾರನ್ನು ಮೊದಲೇ ಮಾರ್ಪಡಿಸಲಾಗಿತ್ತು ಎಂಬುದು ಆಮೇಲೆ ಬಯಲಾಯಿತು. 1985ರಲ್ಲಿ ಅಮೆರಿಕದಲ್ಲಿ 74,061 ಇದ್ದ ಆಡಿ ಮಾರಾಟ 1991ರಲ್ಲಿ 12,283ಕ್ಕೆ ಕುಸಿಯಿತು.

1989ರಲ್ಲಿ ಸರ್ಕಾರದ ಅಧ್ಯಯನ ಬಂತು. ಇಂಥ ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು ಎಂಬುದು ಅದರ ತೀರ್ಮಾನ. ಹಾಗಾದರೆ ದೂರು ಕೊಟ್ಟವರು ಸುಳ್ಳು ಹೇಳಿದರೇ? ಇಲ್ಲ. ಕಾರು ನುಗ್ಗಿದ್ದು ನಿಜ, ತಾವು ಬ್ರೇಕ್ ಒತ್ತಿದ್ದೇವೆ ಎಂದು ಅವರು ನಂಬಿದ್ದೂ ನಿಜ. ಏನಾಯಿತು ಎಂಬುದನ್ನು ಸರಿಯಾಗಿಯೇ ಹೇಳಿದ್ದರು, ಏಕೆ ಆಯಿತು ಎಂಬ ಊಹೆ ಮಾತ್ರ ತಪ್ಪಾಗಿತ್ತು.

ಆದರೂ ಆ ದೂರುಗಳು ವ್ಯರ್ಥವಾಗಲಿಲ್ಲ. ಬ್ರೇಕ್ ಒತ್ತದ ಹೊರತು ಗೇರ್ 'ಪಾರ್ಕ್' ಬಿಟ್ಟು ಹೊರಬರದಂತೆ ಮಾಡುವ ಬೀಗವನ್ನು ಆಡಿ ತನ್ನ ಕಾರುಗಳಿಗೆ ಅಳವಡಿಸಿತು. ಇಂದು ನೀವು ಯಾವುದೇ ಆಟೋಮ್ಯಾಟಿಕ್ ಕಾರು ಹತ್ತಿದರೂ ಬಹುತೇಕ ಇದೇ ವ್ಯವಸ್ಥೆ. ಚಾಲಕರ ತಪ್ಪೇ ಆಗಿದ್ದರೂ ಅದೇ ತಪ್ಪನ್ನು ನೂರಾರು ಜನ ಮಾಡುತ್ತಿದ್ದಾರೆ ಎಂದರೆ, ವಿನ್ಯಾಸದಲ್ಲಿ ಅದಕ್ಕೊಂದು ತಡೆ ಇರಬೇಕು.

ದೂರುಗಳ ಸಂಖ್ಯೆಯನ್ನು ಓದುವಾಗ ಇನ್ನೊಂದು ಎಚ್ಚರವೂ ಬೇಕು. ಟಿವಿಯಲ್ಲಿ ಸುದ್ದಿಯಾದ ಮೇಲೆ ದೂರುಗಳು ಒಮ್ಮೆಲೇ ಏರುತ್ತವೆ. ದೋಷ ಹೆಚ್ಚಾಗಿದೆ ಎಂದೇ ಅದರ ಅರ್ಥವಲ್ಲ, ಗಮನಿಸಿ ಹೇಳುವವರು ಹೆಚ್ಚಾಗಿರಬಹುದು.

ಭಾರತದಲ್ಲಿ ಏನಿದೆ?

ನಮ್ಮಲ್ಲಿ 2012ರಿಂದ ಕಂಪನಿಗಳು ಸ್ವಇಚ್ಛೆಯಿಂದ ರಿಕಾಲ್ ಮಾಡುವ ನೀತಿ ಇತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕಡ್ಡಾಯ ರಿಕಾಲ್‌ಗೆ ಅವಕಾಶ ಕೊಟ್ಟಿತು, ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಮಾರಾಟಕ್ಕೆ ಹೋಲಿಸಿದಾಗ ಒಂದೇ ದೋಷದ ದೂರುಗಳು ನಿಗದಿತ ಮಿತಿ ದಾಟಿದರೆ ಸರ್ಕಾರವೇ ರಿಕಾಲ್‌ಗೆ ಆದೇಶಿಸಬಹುದು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಏಳು ವರ್ಷ ದಾಟದ ವಾಹನಗಳಿಗೆ ಇದು ಅನ್ವಯ. ಅಂದರೆ ಇಲ್ಲಿ ದೂರು ಕೊಡುವುದು ಬರೀ ಗೊಣಗಾಟವಲ್ಲ, ಲೆಕ್ಕಕ್ಕೆ ಸೇರುವ ಒಂದು ಮತ ಇದ್ದ ಹಾಗೆ.

ನೀವು ಮಾಡಬಹುದಾದದ್ದು

ನಿಮ್ಮ ಆರ್‌ಸಿಯಲ್ಲಿ 17 ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರ್ ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ, ಇಲ್ಲವೇ ಸರ್ವಿಸ್ ಸೆಂಟರ್‌ಗೆ ಹೇಳಿ, ಬಾಕಿ ರಿಕಾಲ್ ಇದೆಯೇ ಎಂದು ಕೇಳಿ. ಅಮೆರಿಕದಲ್ಲಿರುವ ಕನ್ನಡಿಗರು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಂತೂ ಇದನ್ನು ಮರೆಯಲೇಬಾರದು, ಏಕೆಂದರೆ ಕಂಪನಿಯ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು.

ಉದಾಸೀನ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಟಕಾಟಾ ಏರ್‌ಬ್ಯಾಗ್ ಸಾಕ್ಷಿ. ಬಿಸಿ ಮತ್ತು ತೇವಕ್ಕೆ ವರ್ಷಗಟ್ಟಲೆ ಸಿಕ್ಕು ಅದರೊಳಗಿನ ಸ್ಫೋಟಕ ಹದಗೆಡುತ್ತಿತ್ತು, ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳು ಸಿಡಿಯುತ್ತಿದ್ದವು. ಹೋಂಡಾದಿಂದ ಹಿಡಿದು ಬಿಎಂಡಬ್ಲ್ಯು, ಫೆರಾರಿವರೆಗೆ ಹಲವು ಕಂಪನಿಗಳು ರಿಕಾಲ್ ಮಾಡಬೇಕಾಯಿತು. ಅಮೆರಿಕವೊಂದರಲ್ಲೇ 28 ಜನ ಸತ್ತರು. ಅವರಲ್ಲಿ ಕೆಲವರ ಕಾರಿಗೆ ರಿಕಾಲ್ ಆಗಲೇ ಘೋಷಣೆಯಾಗಿತ್ತು, ದುರಸ್ತಿ ಮಾತ್ರ ಆಗಿರಲಿಲ್ಲ.

ತೊಂದರೆ ಕಂಡರೆ ಬಾಯಿಮಾತಿನಲ್ಲಿ ಬಿಡಬೇಡಿ. ಏನಾಯಿತು, ಎಷ್ಟು ವೇಗದಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದು ಕೊಡಿ, ಜಾಬ್ ಕಾರ್ಡಿನಲ್ಲಿ ದಾಖಲಾಗಿದೆಯೇ ನೋಡಿ. ಏಕೆ ಆಯಿತು ಎಂಬ ತೀರ್ಮಾನವನ್ನು ಎಂಜಿನಿಯರ್‌ಗಳಿಗೆ ಬಿಡಿ. ಸ್ಯಾನ್ ಡಿಯಾಗೊದ ಆ ಗ್ರಾಹಕರು ಹೇಳಬೇಕಾದ್ದನ್ನು ಹೇಳಿದ್ದರು, ಅದನ್ನು ಬರೆದುಕೊಂಡು ಮುಂದಕ್ಕೆ ಮುಟ್ಟಿಸುವ ಕೈ ಒಂದೇ ಬೇಕಾಗಿತ್ತು.