ಪ್ರವಾಸದ ಮೊದಲ ದಿನ

ಮೊದಲ ದಿನವೇ ಬಹುದೂರ ಸಾಗುವುದು ಪ್ರವಾಸದ ಜಾಣ್ಮೆಯೆಂದು ಹಲವರು ನಂಬಿರುವರು. ನಾವು ಇದನ್ನು ಒಪ್ಪಲಾರೆವು.

ಕಳೆದ ರಜೆಯಲ್ಲಿ ಮಿತ್ರರೊಬ್ಬರೊಡನೆ ಕಾರಿನಲ್ಲಿ ಮುಂಬಯಿಗೆಂದು ಮಧ್ಯಾಹ್ನ ಮೆಹದಿಪಟ್ಟಣಂ ಬಿಟ್ಟೆವು. ಇರುಳಿಗೆ ಸೊಲ್ಲಾಪುರ ಸೇರಬೇಕೆಂಬುದು ಮಿತ್ರರ ಹಟ. ಜಹೀರಾಬಾದಿನಲ್ಲಿ ಚಹಕ್ಕೆ ಇಳಿದಾಗ, ನಮ್ಮ ಮಾತು ಕೇಳಿದ ವೃದ್ಧೆಯೊಬ್ಬರು, “ನೀವು ಯಾವ ಊರಿನವರ್ರೀ?” ಎಂದು ಕನ್ನಡದಲ್ಲೇ ವಿಚಾರಿಸಿದರು. ಈ ಊರು 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದಿತು. ನಕ್ಷೆಯ ಗೆರೆಯಿಂದಾಚೆಗೆ ಮಾತ್ರ ಕನ್ನಡನಾಡೆಂದು ತರಗತಿಯಲ್ಲಿ ಕಲಿಸುತ್ತ ಬಂದಿದ್ದ ನಮಗೆ ನಾಚಿಕೆಯಾಯಿತು. ಅವರೊಡನೆ ಮಾತನಾಡುತ್ತ ಕತ್ತಲಾಯಿತು. ಆ ರಾತ್ರಿ ಹುಮನಾಬಾದಿನಲ್ಲೇ ತಂಗಿದೆವು. ಮಿತ್ರರೂ ಬೇಸರಿಸಲಿಲ್ಲ.

ವಿದ್ಯಾರ್ಥಿಗಳೇ, ನಕ್ಷೆಯನ್ನು ಅವಶ್ಯವಾಗಿ ಓದಿರಿ. ಆದರೆ ದಾರಿಯ ಜನರನ್ನು ಮಾತನಾಡಿಸದೆ ಮುಂದೆ ಸಾಗದಿರಿ.